ಹನ್ನೊಂದು ಅಕ್ಷರ

ಗೋಣಿಚೀಲ ಬಗ್ಗಿಸಿ ಸುರಿದ ಉಲ್ಲಾಸ ತಾಂಡೇಲ
ನನ್ನ ಜಗಲಿಯ ಮೇಲೆ, ಏಡಿ ಸುರಿದ ಹಾಗೆ:
ಸಾಗವಾನಿಯ ಅಕ್ಷರಗಳು, ಅಂಗೈಯಗಲ,
ಮೊಳೆಯ ತೂತಿನ ಸುತ್ತ ತುಕ್ಕು, ಅಂಚಿಗೆ ಉಪ್ಪು.
"ಇದರಲ್ಲೇ ಒಂದು ಹೆಸರು ತೆಗೆದುಕೊಡಿ, ಬಾಯಿ.
ಹೊಸತು ಕೆತ್ತಲು ಆಚಾರಿ ಕೇಳುವುದು ಒಂದು ಬಲೆಯ ದುಡ್ಡು."

ಮೂವತ್ತೊಂದು ವರ್ಷ ಕಾರವಾರದ ತಾರು ಕಚೇರಿಯಲ್ಲಿ
ಶಬ್ದ ಎಣಿಸಿ ಹಣ ಪಡೆದವಳು ನಾನು.
ಹೆಸರು ವಿಮಲ; ಊರಿಗೆ ತಾರಾಬಾಯಿ.
ನನಗೆ ಇಂಗ್ಲಿಷು ಬಂದದ್ದು ಹೀಗೆ, ಬಿಡಿಬಿಡಿಯಾಗಿ:
ಮದರ್. ಸೀರಿಯಸ್. ಸ್ಟಾರ್ಟ್.
ನಡುವಿನದಕ್ಕೆ ದುಡ್ಡು ಕೊಡುವವರು ಕಡಿಮೆ.

ಬೋಟು ಕಾಯತಾನನದು. ಮಂಡಿ ಸೋತ ಮೇಲೆ ಮಾರಿದ,
ಎಂಜಿನ್ನು, ಬಲೆ, ಐಸಿನ ಪೆಟ್ಟಿಗೆ ಸಮೇತ.
"ಹೆಸರು ಅಪ್ಪ ಇಟ್ಟದ್ದು, ಅದನ್ನು ಮಾರಿಲ್ಲ.
ಅಕ್ಷರ ಬೇಕಾದರೆ ಒಯ್ಯಿ" ಎಂದನಂತೆ.

ಸ್ಟೆಲ್ಲಾ ಮಾರಿಸ್.
ಎಸ್ ಎರಡು, ಎಲ್ ಎರಡು, ಎ ಎರಡು.
ಟಿ, ಎಮ್, ಆರ್, ಈ, ಐ ಒಂಟಿ.

ಊಟ ಮುಗಿಸಿ, ದೀಪದ ಕೆಳಗೆ ನೆಲದ ಮೇಲೆ ಹರಡಿದೆ.
ಸಾಲ್ಟ್ ಬಂತು ಮೊದಲು; ಅದು ಮರದಲ್ಲೇ ಇತ್ತು.
ಟಿಯರ್ಸ್ ಬಂತು, ಕೂಡಲೇ ಕದಡಿದೆ.
ಲೇಟ್ ಬಂತು. ಮೀಲ್ಸ್ ಬಂತು. ಬೈತಖೋಲದ ದಕ್ಕೆಯಲ್ಲಿ
ಆ ಹಲಗೆ ಕಂಡರೆ ಜನ ಕೈ ತೊಳೆದುಕೊಂಡು ಬಂದಾರು.
ಸೀಲ್ ಸಿಕ್ಕಿತು: ಕಚೇರಿಯಲ್ಲಿ ಬಡಿದದ್ದೆಷ್ಟೋ,
ನಮ್ಮ ಕಡಲಲ್ಲಿ ಕಂಡದ್ದಿಲ್ಲ.
ಈಲ್ ಹಿಡಿಯಹೋದೆ, ಹಾವುಮೀನು;
ಅದಕ್ಕೆ ಎರಡು ಈ ಬೇಕು, ಜಾರಿತು.

ಇಂಗ್ಲಿಷಿನ ಮೀನು ಒಂದೂ ಬೀಳದೆ ಕೊನೆಗೆ
ಟಿ ಎ ಆರ್ ಎಲ್ ಈ. ತಾರ್ಲೆ!
ಉಲ್ಲಾಸ ನಕ್ಕ: "ತಾರ್ಲೆ ಎಂದು ಬರೆದುಕೊಂಡ ಬೋಟಿಗೆ
ಇಸವಾಣ ಹತ್ತಿರ ಬಂದೀತೇ, ಬಾಯಿ?"

ಸೇಲ್ ಮೇಲೆ ಎರಡು ರಾತ್ರಿ ಕಳೆದೆ.
ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಸೇಲ್;
ನಡುವೆ ಐ ನಿಂತರೆ ಹಾಯಿ, ಕೊನೆಗೆ ಈ ಕೂತರೆ ಮಾರಾಟ.
ಒಂದಕ್ಷರದ ದೂರ.
ಕಾಯತಾನ ಅದನ್ನು ಮಂಡಿ ಎಳೆದುಕೊಂಡು ದಾಟಿದ್ದಾನೆ.

"ದೇವರ ಹೆಸರಿಡಿ" ಎಂದ ಉಲ್ಲಾಸನ ಮಾವ.
ರಾಮ ಬಂದ, ಎರಡೂ ಎ ಎತ್ತಿಕೊಂಡು.
ಸೀತೆಗೆ ಎ ಉಳಿಯಲಿಲ್ಲ.
ಕನ್ನಡದ ಸೀತೆಯಲ್ಲವೇ ಎಂದು ಈ ಹಚ್ಚಿ ಕೂರಿಸಿದೆ,
ದೂರ ನಿಂತು ಓದಿದೆ: ರಾಮ ಸೈಟ್.
ಹಬ್ಬುವಾಡದಲ್ಲಿ, ಥರ್ಟಿ ಫಾರ್ಟಿ, ಕಂತಿನಲ್ಲಿ ಲಭ್ಯ.
ಮಾವ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಸುಂಕೇರಿಗೆ ಹೋಗಿ ಕಾಯತಾನನನ್ನೇ ಕೇಳಿದೆ.
"ಅದು ಇಂಗ್ಲಿಷಲ್ಲ ಬಾಯಿ, ಇಗರ್ಜಿಯ ಭಾಷೆ.
ಕಡಲ ಚುಕ್ಕಿ. ನಮ್ಮ ಮರಿಯಾ ಮಾಯಿ."
ಇಷ್ಟು ದಿನ ನಾನು ಇಂಗ್ಲಿಷಲ್ಲದ ಮಡಕೆಯಲ್ಲಿ
ಇಂಗ್ಲಿಷಿನ ಅಗುಳು ಹಿಚುಕಿ ನೋಡುತ್ತಿದ್ದೆ.

ಆ ಬೆಳಗಿನ ಜಾವ ಒಂಬತ್ತು ಅಕ್ಷರ
ಯಾರೋ ಜರುಗಿಸಿದಂತೆ ಜರುಗಿದವು:
ಸ್ಮಾಲ್ ಸ್ಟಾರ್.
ದೊಡ್ಡ ಪರ್ಸೀನು ಬೋಟುಗಳ ಪಕ್ಕ ಇವನದು ಸಣ್ಣದೇ.
"ಇರಲಿ" ಎಂದ ಉಲ್ಲಾಸ. ಅವನ "ಇರಲಿ" ಎಂದರೆ ಖುಷಿ.

ದಕ್ಕೆಯಲ್ಲಿ ಮೊಳೆ ಹೊಡೆದು ಮುಗಿದಾಗ
ಚೀಲ ಕೊಡವಿ, ಉಳಿದದ್ದನ್ನು ಲೆಕ್ಕಕ್ಕೆ ಗಟ್ಟಿಯಾಗಿ ಓದಿದೆ:
"ಈ. ಐ."
ಸಿಗಡಿ ಸುಲಿಯುತ್ತಿದ್ದ ಅವನ ತಾಯಿ ತಲೆಯೆತ್ತಿದಳು.
ಮಗ ಆಕೆಯನ್ನು ಕರೆಯುವುದೂ ಹಾಗೇ, ಆಯ್ ಎಂದು.
"ಏನು, ಯಾರು ಕರೆದದ್ದು?"

ಸುತ್ತಿಗೆ ಉಲ್ಲಾಸನ ಕೈಯಲ್ಲೇ ಇತ್ತು.
ಏನೂ ಹೇಳದೆ ಆ ಎರಡನ್ನೂ ಒಳಗೆ ಒಯ್ದ,
ಚುಕ್ಕಾಣಿಯ ಪಕ್ಕ, ಬಂದರಿನವರ ಕಣ್ಣಿಗೆ ಬೀಳದಲ್ಲಿ
ಹೊಡೆದ. ಒಂದು ಮೊಳೆ ಸೊಟ್ಟ ಹೋಯಿತು.

ಐಸಿನ ಲಾರಿಯ ಆಚೆ ಕೋಲೂರಿ ನಿಂತಿದ್ದ ಕಾಯತಾನ,
ಕರೆಯದೆ ಬಂದವನು, ಎಣಿಸುತ್ತಿದ್ದ.
ಅವನ ತುಟಿ ಒಂಬತ್ತಕ್ಕೆ ನಿಂತಿತು.
ನಾನು ಕೈಮಾಡಿ
ಒಳಗೆ ತೋರಿಸಿದೆ.