ನಾಲಿಗೆ ಒಂದು, ಕೂಲಿ ಎಂಬತ್ತು

ಬಳೇಪೇಟೆಯ ನಮ್ಮ ಅಂಗಡಿ
ಉದ್ದಕ್ಕೆ ಒಂಬತ್ತು ಹೆಜ್ಜೆ, ಅಗಲಕ್ಕೆ ಒಂದು ವೀಣೆ.
ಗೋಡೆಗೆ ನಾಲ್ಕು ಹಲಗೆ. ಒಂದೊಂದಕ್ಕೂ
ಅಪ್ಪ ಬಣ್ಣದಲ್ಲಿ ಬರೆದ ಹೆಸರು:
ತಂತಿ. ಗಾಳಿ. ಚರ್ಮ. ಗಟ್ಟಿ.
‘ಗಟ್ಟಿ’ಯ ಒತ್ತಕ್ಷರ ಮಾತ್ರ
ಜಾಗ ಸಾಲದೆ ಮೊಳೆಯ ಕೆಳಗೆ ಇಳಿದಿದೆ.

ಲೋಕದಲ್ಲಿ ನುಡಿಯುವುದೆಲ್ಲ
ಈ ನಾಲ್ಕು ಮನೆತನಕ್ಕೆ ಸೇರಿದ್ದು ಅನ್ನುತ್ತಿದ್ದ,
ಮಾತಿದ್ದಾಗ.
ಹೆಣ್ಣು ನೋಡಲು ಬಂದವರ ಹಾಗೆ
ಪ್ರತಿ ವಾದ್ಯದ ಗೋತ್ರ ವಿಚಾರಿಸುತ್ತಿದ್ದ:
ನಿನ್ನೊಳಗೆ ನಡುಗುವುದು ಯಾವುದು?
ಅಷ್ಟು ಹೇಳು ಸಾಕು, ಊರು ಬೇಡ.

ಆದರೂ ತಕರಾರು ತಪ್ಪಲಿಲ್ಲ.
ಮುಖವೀಣೆ ಹೆಸರಿಗೆ ವೀಣೆ,
ಸಂಸಾರ ಗಾಳಿಯ ಮನೆಯಲ್ಲಿ.
ಪೊಲೀಸ್ ಬ್ಯಾಂಡಿನ ಸ್ಯಾಕ್ಸೊಫೋನು
ಮೈಯೆಲ್ಲ ಹಿತ್ತಾಳೆ;
ಬಾಯಲ್ಲೊಂದು ಜೊಂಡಿನ ಸೀಳಿದೆಯೆಂದು
ವಿಲಾಯಿತಿಯವರು ಮರದ ಬಳಗಕ್ಕೆ ಬರೆದುಕೊಂಡರು.
ಬ್ಯಾಂಜೊ ತಂತಿಯ ಮಗ,
ಚರ್ಮದವರಲ್ಲಿ ಮನೆಅಳಿಯ.
ಒಳಗೆ ಇನ್ನೂರು ಚಿಲ್ಲರೆ ತಂತಿ ಬಿಗಿದುಕೊಂಡು
ಸುತ್ತಿಗೆಯಿಂದ ಹೊಡೆಸಿಕೊಳ್ಳುವ ಪಿಯಾನೊ
ಬಾಗಿಲಲ್ಲಿ ಹಿಡಿಸದೆ
ಪಂಚಾಯ್ತಿಯಿಂದ ತಪ್ಪಿಸಿಕೊಂಡಿತು.

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ
ಅಪ್ಪನ ಬಲಗೈ, ಮಾತು
ಎರಡೂ ಒಟ್ಟಿಗೆ ಬಿದ್ದವು.
ಈಗ ಗಲ್ಲಾ ಪಕ್ಕದ ಸ್ಟೂಲಿನಲ್ಲಿ ಕೂತು
ನನ್ನ ಶ್ರುತಿ ಜಾರಿದರೆ ಹುಬ್ಬೆತ್ತುತ್ತಾನೆ.
ಜಬೀವುಲ್ಲಾ ಮೃದಂಗಕ್ಕೆ ಕರಣೆ ಹಾಕುವಾಗ
ಎಡಗೈಯ ಒಂದು ಬೆರಳು ತೋರಿಸುತ್ತಾನೆ:
ಇನ್ನೊಂದು ಪದರ.

ಮೊನ್ನೆ ಹೆಣ್ಣೂರಿನಿಂದ ಬಸ್ಸು ಹಿಡಿದು
ಒಬ್ಬ ಹುಡುಗ ಬಂದ. ಕಿನ್ಶಾಸಾದವನು,
ಇಲ್ಲಿ ಫಾರ್ಮಸಿ ಓದುತ್ತಾನಂತೆ.
ಹೆಸರು ಎನ್‌ಸಿಂಬಾ; ಅವಳಿಯಲ್ಲಿ
ಮೊದಲು ಬಂದವನಿಗೆ ಇಡುವ ಹೆಸರಂತೆ.
ಟವೆಲು ಬಿಚ್ಚಿದ. ಅಂಗೈಗಿಂತ ತುಸು ದೊಡ್ಡ
ಮರದ ಡಬ್ಬಿ, ಮೇಲೆ ಸಾಲಾಗಿ
ಹನ್ನೊಂದು ಕಬ್ಬಿಣದ ಪಟ್ಟಿ.
ಲಿಕೆಂಬೆ, ಅಂದ. ಹೆಬ್ಬೆರಳಲ್ಲಿ ಮೀಟಿದ.
ಹತ್ತು ನುಡಿದವು. ಒಂದು ಮುರಿದಿತ್ತು.

ಅವನ ಕನ್ನಡ ಮೂರೇ ಮಾತು:
ಅಣ್ಣ, ಎಷ್ಟು, ಬೇಡ.
ನನ್ನನ್ನೂ ಅಣ್ಣ ಅಂದ.
ನನ್ನ ಫ್ರೆಂಚು ಸೊನ್ನೆ. ಇಬ್ಬರ ಇಂಗ್ಲಿಷೂ
ಬೇರೆ ಬೇರೆ ಗಾಡಿಯಲ್ಲಿ ಬಂದದ್ದು.
ಮುರಿದದ್ದನ್ನು ತೋರಿಸಲು ಬೆರಳು ಸಾಕಾಯಿತು.

ಜಬೀ ಎಸ್‌ಜೆಪಿ ರಸ್ತೆಗೆ ಓಡಿ
ಕೊಡೆಯ ಕಡ್ಡಿ ತಂದ.
ಕಾಯಿಸಿದೆ, ಬಡಿದೆ, ಚಪ್ಪಟೆ ಮಾಡಿ ಅರ ಹಿಡಿದೆ.
ತುದಿ ಉಜ್ಜಿದರೆ ಸ್ವರ ಏರುತ್ತದೆ,
ಬುಡ ಉಜ್ಜಿದರೆ ಇಳಿಯುತ್ತದೆ.
ಯಾರೂ ಹೇಳಿಕೊಡದೆ ಕೈಗೆ ಗೊತ್ತಿತ್ತು,
ಎಲ್ಲಿಂದ ಗೊತ್ತು ಎಂದು ನಾನು ಕೇಳಲಿಲ್ಲ.
ಹುಡುಗ ಕಣ್ಣು ಮುಚ್ಚಿ
ಬೇಡ, ಅಂದ. ಬೇಡ. ಬೇಡ.
ಏಳನೇ ಸಲ ಸುಮ್ಮನಾದ.

ಕುದುರೆಯ ಅಂಟು ಒಣಗಲೆಂದು
ಡಬ್ಬಿಯನ್ನು ‘ಗಟ್ಟಿ’ಯ ಮೇಲಿಟ್ಟೆ,
ತಾಳ, ಘಟ, ಜಾಗಟೆಯ ಪಕ್ಕ.
ಟೀ ಬಂತು.
ಅಪ್ಪ ಎದ್ದ.
ಗೋಡೆ ಹಿಡಿದು ಹೋಗಿ, ಡಬ್ಬಿಯನ್ನು ಎದೆಗೊತ್ತಿಕೊಂಡು
ಒಂಬತ್ತು ಹೆಜ್ಜೆಯನ್ನು ಇಪ್ಪತ್ತು ಮಾಡಿ ನಡೆದು
ಹೊಟ್ಟೆ ಬಿಚ್ಚಿ ಮಲಗಿಸಿದ್ದ ಹಾರ್ಮೋನಿಯಂ ಮುಂದೆ ಕೂತ.
ಉಗುರಿನಿಂದ ಹಿತ್ತಾಳೆಯ ರೀಡೊಂದನ್ನು ಮೀಟಿದ: ಟಿಣ್.
ಆಮೇಲೆ ಕೊಡೆಕಡ್ಡಿ: ಟಿಣ್.
ಡ್ರಾಯರಿನಿಂದ ಮೋರ್ಸಿಂಗ್ ತೆಗೆದು ನಡುವೆ ಇಟ್ಟ.
ಕೊನೆಗೆ ಬಾಯಿ ತೆರೆದು
ಒಂದು ಕಡೆಗೆ ವಾಲಿದ ತನ್ನ ನಾಲಿಗೆ ತೋರಿಸಿದ.

ಕುಲವನ್ನು ನಾಲಿಗೆ ಹೇಳುತ್ತದೆ, ಗಾದೆ.
ಇಷ್ಟು ದಿನ ಅದನ್ನು ಬೈಗುಳ ಎಂದುಕೊಂಡಿದ್ದೆ.

ಹುಡುಗನಿಗೆ ಏನು ತಿಳಿಯಿತೋ,
ಡಾಕ್ಟರ ಮುಂದೆ ಚಾಚುವಂತೆ
ತನ್ನದನ್ನೂ ಚಾಚಿದ.
ಜಬೀ ಟೀ ಚೆಲ್ಲಿಕೊಂಡ.

ಬಿಲ್ ಬುಕ್ಕಿನಲ್ಲಿ ‘ವರ್ಗ’ದ ಕಾಲಂ ಖಾಲಿ ಬಿಟ್ಟು
ಬರೆದೆ: ನಾಲಿಗೆ ಒಂದು. ಕೂಲಿ ಎಂಬತ್ತು.
ಎಷ್ಟು, ಅಂದ. ತೋರಿಸಿದೆ. ನೂರು ಕೊಟ್ಟ.
ಚಿಲ್ಲರೆಗೆ ಡಬ್ಬ ತಡಕುತ್ತಿದ್ದೆ,
ಅವನು ಅಪ್ಪನ ಕಡೆ ತಿರುಗಿ
ಬೇಡ ಅಣ್ಣ, ಅಂದ.