ಹತ್ತು ಅಂಕದ ಪ್ರಶ್ನೆ

‘ಬಾಲ್ಯ ಎಂದರೇನು? ವಿವರಿಸಿ.’
ಹತ್ತು ಅಂಕ.
ಹೋದ ಸಲ ಬಂದಿತ್ತು, ಈ ಸಲವೂ ಗ್ಯಾರಂಟಿ
ಎಂದು ಝೆರಾಕ್ಸ್ ಅಂಗಡಿಯ ಜಡೆಪ್ಪ
ನೋಟ್ಸಿನ ಜತೆ ಭವಿಷ್ಯಕ್ಕೂ ಪಿನ್ನು ಹೊಡೆದು ಕೊಟ್ಟ.

ಮಕ್ಕಳ ಆರೈಕೆಯಲ್ಲಿ ಪದವಿ, ಮೂರನೆಯ ವರ್ಷ.
ಅಮ್ಮ ಓಣಿಯಲ್ಲಿ ಹೇಳುವಾಗ ಅದು
‘ಹುಡುಗ್ರನ್ನ ನೋಡ್ಕಳೋ ಓದು.’
ಅದಕ್ಯಾಕೆ ಓದ್ಬೇಕು ಅಂತ ಮೈಮುನಮ್ಮ ನಕ್ಕಳು,
ಒಂದು ಸೊಂಟದಲ್ಲಿ, ಒಂದು ಸೆರಗಿನಲ್ಲಿ,
ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲದೆ.

ಪುಸ್ತಕದಲ್ಲಿ ಬಾಲ್ಯಕ್ಕೆ ಹಂತಗಳಿವೆ, ಮೆಟ್ಟಿಲ ಹಾಗೆ,
ಪ್ರತಿ ಮೆಟ್ಟಿಲಿಗೂ ವಯಸ್ಸು ಬರೆದಿದೆ.
ಎಂಟರಿಂದ ಹನ್ನೆರಡನ್ನು ನಾನು
ಕೌಲ್ ಬಜಾರಿನ ಶೆಡ್ಡಿನಲ್ಲಿ ಕೂತಲ್ಲೇ ಹತ್ತಿದೆ,
ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ
ಬಾಲದಾರ ಕತ್ತರಿಸುತ್ತ. ಹತ್ತು ಪ್ಯಾಂಟಿಗೆ ಮೂರು ರೂಪಾಯಿ.
ಉಗುರೆಲ್ಲ ನೀಲಿ. ಇಂಕು ಸುರುವಿಕೊಂಡೆಯಾ
ಎಂದು ಟೀಚರು ಬೈದಾಗ ಹೂಂ ಅಂದಿದ್ದೆ.
ಇಂಕು ಅಂದರೆ ಓದುವವಳು ಅಂದ ಹಾಗೆ.

ಈಗ ಬಾಲಮಂದಿರದಲ್ಲಿ ಮೂವತ್ತು ದಿನದ ಕ್ಷೇತ್ರಕಾರ್ಯ.
ನನ್ನ ಪಾಲಿಗೆ ಬಂದವನು ಎರ್ರಿಸ್ವಾಮಿ.
ವಯಸ್ಸು: ಒಂಬತ್ತು, ಅಂದಾಜು.
ಸಿಕ್ಕಿದ್ದು: ರೈಲ್ವೆ ಸ್ಟೇಷನ್ನು, ಎರಡನೆಯ ಪ್ಲಾಟ್‌ಫಾರ್ಮು.
ವರ್ತನೆಯ ಸಮಸ್ಯೆ: ದಾರ ಕೀಳುತ್ತಾನೆ.
ಚಾದರದ್ದು, ಅಂಗಿಯದು, ವಾರ್ಡನ್ನಮ್ಮನ ಸೆರಗಿನದು,
ಕಿತ್ತು, ಹಲ್ಲಲ್ಲಿ ಕಡಿದು, ಗುಡ್ಡೆ ಹಾಕುತ್ತಾನೆ.

ಕಾರಣ ಏನಿರಬಹುದು, ಗಾದಿಲಿಂಗಪ್ಪ ಸರ್ ಕೇಳಿದರು.
ಆತಂಕ, ಅಂದಳು ಮೊದಲ ಬೆಂಚಿನವಳು.
ತಾಯಿಯ ಅಗಲಿಕೆ, ಅಂದ ಇನ್ನೊಬ್ಬ, ಪುಟದ ಸಂಖ್ಯೆ ಸಮೇತ.
ಸರ್ ಇಬ್ಬರಿಗೂ ತಲೆಯಾಡಿಸಿದರು.
ನನಗೆ ಬಾಯಿ ಬರಲಿಲ್ಲ:
ಸರ್, ಅವನು ಕೆಲಸ ಮಾಡ್ತಿದಾನೆ.

ಹನ್ನೊಂದನೆಯ ದಿನ ನನ್ನ ದುಪಟ್ಟಾದ ಅಂಚಿಗೆ ಕೈಹಾಕಿದ.
ಕತ್ತರಿ ಹಿಡಿಯುವ ಬಗೆ ತೋರಿಸಿದೆ, ಬರಿಗೈಯಲ್ಲಿ:
ಹೆಬ್ಬೆರಳು ಹೀಗೆ. ಬಟ್ಟೆ ಕಡೀಬಾರದು.
ಮೊದಲ ಸಲ ನನ್ನ ಮುಖ ನೋಡಿದ.
‘ಅಕ್ಕಾ, ನಿಂದು ಯಾವ ಶೆಡ್ಡು?’
ಇದನ್ನು ವರದಿಯಲ್ಲಿ ಬರೆಯಲಿಲ್ಲ.
ಬರೆದದ್ದು: ಸಂವಹನ ಸುಧಾರಿಸಿದೆ.

ಇಂಗ್ಲಿಷಿನ ಒಂದು ಪದಕ್ಕೆ ನೋಟ್ಸಿನಲ್ಲಿ ‘ಬಾಂಧವ್ಯ’ ಅಂತಿದೆ.
ಅಮ್ಮನ ಬಾಯಲ್ಲಿ ಅದು ಜೀವ ಹತ್ತೋದು.
ಬಣ್ಣ ಹತ್ತಿದ ಹಾಗೆ, ಬೆಂಕಿ ಹತ್ತಿದ ಹಾಗೆ,
ನಡುರಾತ್ರಿ ಕೆಮ್ಮು ಹತ್ತಿದ ಹಾಗೆ.
ಮಗುವಿಗೆ ಹತ್ತಬೇಕು, ನಿಮಗೆ ಹತ್ತಬಾರದು,
ಅನ್ನುತ್ತಾರೆ ಸರ್. ಅದರ ಅಳತೆ ಎಷ್ಟು
ಅಂತ ಯಾವ ಘಟಕದಲ್ಲೂ ಇಲ್ಲ. ಹುಡುಕಿದ್ದೇನೆ.

ಬಿಟ್ಟು ಬರುವುದಕ್ಕೂ ಪಾಠವಿದೆ: ವಾರ ಮೊದಲೇ ಹೇಳಬೇಕು,
ಸುಳ್ಳು ಭರವಸೆ ಕೂಡದು, ಉಡುಗೊರೆ ಕೂಡದು.
ಹೇಳಿದೆ. ಮಿರ್ಚಿ ಉಡುಗೊರೆಯಲ್ಲ ಅಂದುಕೊಂಡು
ಕೊನೆಯ ದಿನ ಎರಡು ಮಿರ್ಚಿ ಕಟ್ಟಿಸಿಕೊಂಡು ಹೋದೆ,
ಮಂಡಕ್ಕಿ ಒಗ್ಗರಣೆ ಜತೆ.
ಅವನು ಕೇರಂ ಆಡುತ್ತಿದ್ದ,
ಕೆಂಪು ಕಾಯಿ ಗುಂಡಿಯ ಬಾಯಲ್ಲಿತ್ತು.
ತಲೆ ಎತ್ತದೆ ಅಂದ, ‘ಅಲ್ಲಿಟ್ಟು ಹೋಗಕ್ಕಾ.’

ಒಳ್ಳೆಯ ಲಕ್ಷಣ. ಪುಸ್ತಕದ ಪ್ರಕಾರ ತುಂಬ ಒಳ್ಳೆಯ ಲಕ್ಷಣ.
ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತೆ.
ಧೂಳಿತ್ತು ಅನ್ನಿ.

ಈಗ ಮೇ ತಿಂಗಳು, ಬಳ್ಳಾರಿಯ ಬಿಸಿಲನ್ನೇ
ತಿರುವಿ ತಿರುವಿ ಬಡಿಸುತ್ತಿದೆ ಫ್ಯಾನು.
ಜಡೆಪ್ಪನ ಮಾತು ನಿಜ, ಪ್ರಶ್ನೆ ಬಂದಿದೆ.
ಹಂತ ಒಂದು ಬರೆದೆ, ಎರಡು ಬರೆದೆ. ಮೂರಕ್ಕೆ ಬಂದಾಗ
ಮೇಲ್ವಿಚಾರಕರು ಪಕ್ಕದಲ್ಲೇ ಹಾದರು. ಹೊಸ ಜೀನ್ಸು,
ಕಾಲಂಚಿನಲ್ಲಿ ನೇತಾಡುವ
ಗೇಣುದ್ದ ಹಳದಿ ದಾರ.

ಯಾರೋ ಬಿಟ್ಟದ್ದು.
ಊಟಕ್ಕೆ ಕರೆದಾಗಲೋ, ನಿದ್ದೆ ತೂಗಿದಾಗಲೋ.

ಪೆನ್ನು ಕೆಳಗಿಟ್ಟೆ. ಎರಡು ಬೆರಳು
ತಾವಾಗಿಯೇ ತೆರೆದುಕೊಂಡವು, ಕತ್ತರಿಯಂತೆ.