ಕಂಬ ಆರು, ಕಂಬ ಒಂಬತ್ತು

ನಮೂನೆಯ ಮೂರನೇ ಕಲಂ: ಕಟ್ಟಿದ ವರ್ಷ.
ಹೊಳಿಯಮ್ಮ ಮೊರ ಕೆಳಗಿಟ್ಟು ಕೇಳಿದಳು,
"ಯಾವ ಸಲ ಕಟ್ಟಿದ್ದು?"

ಟೇಪಿನ ತುದಿ ಅವಳ ಮೊಮ್ಮಗನ ಕೈಲಿತ್ತು.
ಜಗಲಿ ಉದ್ದ ಇಪ್ಪತ್ತೆರಡು ಅಡಿ, ಮೂರು ಅಂಗುಲ.
ಗೋಡೆ ದಪ್ಪ ಸರಿಯಾಗಿ ಒಂದು ಮೊಳ.
ಅದನ್ನು ಟೇಪು ಹೇಳಲಿಲ್ಲ,
ಮೊಣಕೈ ಹೇಳಿತು.
ಬಾಗಿಲು ಗಿಡ್ಡ. ಬೆಳಗಿನಿಂದ ಎರಡು ಸಲ
ನನ್ನ ಹಣೆಯನ್ನೂ ಅಳೆದಿದೆ.

"ಇಲ್ಬನ್ನಿ" ಅಂದಳು.
ಕಂಬದ ಬೆನ್ನಿಗೆ, ಗೋಡೆಯತ್ತ ತಿರುಗಿಸಿ ಅಡಗಿಸಿಟ್ಟ
ಡಾಂಬರಿನ ಅಂಕಿ: ೪.
ಪಕ್ಕದ್ದಕ್ಕೆ ೫. ತೊಲೆಗೆ, ಬೋದಿಗೆಗೆ,
ಜಂತೆ ಜಂತೆಗೂ ಅಂಕಿ,
ಹೊಸ್ತಿಲಿನ ಹೊಟ್ಟೆಗೂ.

ಮುಳುಗಡೆಯ ವರ್ಷ, ನೀರು ಗದ್ದೆಯ ಬದು ಮುಟ್ಟುವ ಮೊದಲು
ವಾಮನಾಚಾರಿ ಮನೆ ಬಿಚ್ಚಿದನಂತೆ
ಒಂದು ಮೊಳೆಯನ್ನೂ ಕೀಳದೆ:
ಕೀಳಲು ಒಂದೂ ಇರಲಿಲ್ಲ.
ಎರಡು ಲಾರಿ, ಹನ್ನೊಂದು ಗಾಡಿ,
ಹೆಂಚಿನ ನಡುವೆ ಒಣಹುಲ್ಲು,
ಹುಲ್ಲಿನ ಮೇಲೆ ಮರಿ ಹಾಕಿದ ಬೆಕ್ಕು.

ಈ ದಿಬ್ಬದಲ್ಲಿ ಮತ್ತೆ ಹೊಂದಿಸುವ ಹೊತ್ತಿಗೆ ಆಚಾರಿಗೆ ಜ್ವರ.
ನಿಲ್ಲಿಸಿದವನು ಅವನ ಅಳಿಯ.
ಬಾಲ ಅಳಿಸಿದ ಆರು
ಒಂಬತ್ತಿನ ಹಾಗೆ ಕಂಡಿತು.

"ಅವತ್ತಿಂದ ತೊಲೆ ಅರ್ಧ ಬೆರಳು ವಾಲಿದೆ.
ನಡುಬಾಗ್ಲು ತಂತಾನೇ ತೆರಕತ್ತದೆ.
ನಮ್ಮತ್ತೆ ಗುಂಡುಕಲ್ಲು ಕೊಟ್ಟು ನಿಲ್ಲಿಸ್ತಿದ್ರು,
ಈಗ ನಾನು."

ಏಪ್ರಿಲ್ ಕೊನೆಗೆ ಹಿನ್ನೀರು ಇಳಿದಾಗ
ತೆಪ್ಪದಲ್ಲಿ ಹೋದೆವು, ನಾನು ಮತ್ತು ಹುಡುಗ.
ಬಿರಿದ ಕೆಸರು. ಬೇರು ಮಾತ್ರ ಉಳಿದ ಕರಿ ಮೋಟುಗಳು.
ಹುಡುಗ ಎಡವಿದ್ದು ಅಡಿಗಲ್ಲಿಗೆ,
ಕಂಬ ಕೂರಲು ಕೊರೆದ ಕುಳಿಯ ತುಂಬ
ಪುಟ್ಟ ಬಸವನಹುಳುಗಳ ಚಿಪ್ಪು.
ಎಣಿಸಿದೆ. ಆರನೆಯ ಕುಳಿ ಆಳ,
ಒಂಬತ್ತನೆಯದು ಅರ್ಧ ಬೆರಳು ಕಡಿಮೆ.
ಆಚಾರಿಯ ಲೆಕ್ಕ ತಪ್ಪಿರಲಿಲ್ಲ.

ಟೇಪು ಹಿಡಿದೆವು:
ಇಪ್ಪತ್ತೆರಡು ಅಡಿ, ಮೂರು ಅಂಗುಲ.
ಒಳಗೆ ಬಾ ಎಂದೆ ಹುಡುಗನಿಗೆ.
ಗೋಡೆಯಿಲ್ಲ, ಚೌಕಟ್ಟಿಲ್ಲ, ಸುತ್ತ ಬರೀ ಬಿಸಿಲು.
ಬಾಗಿಲಿದ್ದ ಜಾಗದಲ್ಲಿ
ಅವನು ತಲೆ ತಗ್ಗಿಸಿ ದಾಟಿದ.

ಷರಾದಲ್ಲಿ ಬರೆದೆ:
ಆರನ್ನೂ ಒಂಬತ್ತನ್ನೂ ಇದ್ದಲ್ಲೇ ಬಿಡತಕ್ಕದ್ದು.
ಮೂರನೇ ಕಲಂ ಖಾಲಿ ಯಾಕೆಂದು
ಕಚೇರಿಯಿಂದ ಕೆಂಪು ಶಾಯಿಯಲ್ಲಿ ಕೇಳಿದ್ದಾರೆ.

ನಿನ್ನೆ ಹೊಳಿಯಮ್ಮನ ಫೋನು ಬಂದಿತ್ತು:
ಪಟ್ಟಿಗೆ ಸೇರಿದ ಮೇಲೂ
ಗುಂಡುಕಲ್ಲು ಇಟ್ಕಬಹುದಾ, ಅಥವಾ
ಅದಕ್ಕೂ ಅರ್ಜಿ ಹಾಕಬೇಕಾ?